ಅಗೆಯದ ಮಟ್ಟಿ

ಕುಸ್ತಿಯ ಮಣ್ಣಿಗೆ ನಾವು ಮಟ್ಟಿ ಎನ್ನುತ್ತೇವೆ. ಮಾರೇನಹಳ್ಳಿಯ ಹಳೆಯ ಊರಿನ ಓಣಿಯೊಂದರಲ್ಲಿರುವ ಗರಡಿಯಲ್ಲಿ ಮಟ್ಟಿ ನೋಡಿಕೊಳ್ಳುವ ಕೆಲಸ ನನ್ನದು. ಆ ಗರಡಿಯ ಒಡೆಯರು, ಊರೂರಲ್ಲಿ ಕುಸ್ತಿ ಪಂದ್ಯ ಏರ್ಪಡಿಸುತ್ತಿದ್ದವರು, ನಾವೆಲ್ಲ ಯಜಮಾನರು ಎಂದು ಕರೆಯುತ್ತಿದ್ದವರು, ಅದೇ ಮಟ್ಟಿಯ ಮೇಲೆ ಬಿದ್ದು ಕತ್ತು ಮುರಿದುಕೊಂಡರು. ನಾಲ್ಕು ತಿಂಗಳು ಮಲಗಿದ್ದು ತೀರಿಕೊಂಡರು. ಅವರು ಬಿದ್ದ ದಿನ ಬೆಳಗ್ಗೆ ನಾನು ಮಾಡಬೇಕಾಗಿದ್ದ ಒಂದು ಕೆಲಸವನ್ನು ಮಾಡಿರಲಿಲ್ಲ. ಅದನ್ನು ಬರೆಯಲು ಕುಳಿತಿದ್ದೇನೆ.

ಮಟ್ಟಿಯ ಕೆಲಸ ನೋಡುವವರಿಗೆ ಸುಲಭ. ಕೆಮ್ಮಣ್ಣನ್ನು ಮೂರು ಸಲ ಜರಡಿ ಹಿಡಿಯಬೇಕು. ಎಳ್ಳೆಣ್ಣೆ, ಅರಿಶಿನ, ಬೇವಿನ ಎಲೆಯ ಪುಡಿ, ಹುಳಿ ಮಜ್ಜಿಗೆ ಬೆರೆಸಿ ಹದಿನೈದು ದಿನ ಬಿಡಬೇಕು. ಒಂದೂವರೆ ಅಡಿ ಆಳದ ಅಖಾಡಕ್ಕೆ ಅದನ್ನು ತುಂಬಿದ ಮೇಲೂ ಕೆಲಸ ಮುಗಿಯುವುದಿಲ್ಲ. ಮೈಗಳು ಬಿದ್ದು ಬಿದ್ದು ಮಣ್ಣು ಗಟ್ಟಿಯಾಗುತ್ತದೆ. ಒಂದು ದಿನ ಬಿಟ್ಟರೂ ಎಣ್ಣೆ ಮಜ್ಜಿಗೆ ಕುಡಿದ ಮಣ್ಣು ಇಟ್ಟಿಗೆಯಂತೆ ಕೂಡಿಕೊಳ್ಳುತ್ತದೆ. ಹಾಗಾಗಿ ದಿನಾ ಬೆಳಗ್ಗೆ ನೀರು ಚಿಮುಕಿಸಿ, ಈ ತುದಿಯಿಂದ ಆ ತುದಿಯವರೆಗೆ ಗುದ್ದಲಿ ಹಾಕಿ, ಕಾಲಿನಿಂದ ಸಮ ಮಾಡಬೇಕು. ಅಗೆಯುವ ಮುಂಚೆ ಗುದ್ದಲಿಯ ಅಲಗಿಗೆ ಒಂದು ಕುಂಕುಮದ ಬೊಟ್ಟು ಇಡುವುದು ನಮ್ಮ ಗರಡಿಯ ಪದ್ಧತಿ. ನಾಲ್ಕು ಏಟು ಬೀಳುವುದರೊಳಗೆ ಬೊಟ್ಟು ಮಣ್ಣಿನಲ್ಲಿ ಅಳಿಸಿಹೋಗುತ್ತದೆ.

ಯಜಮಾನರು ‘ಅಗೆದ್ಯಾ’ ಎಂದು ನನ್ನನ್ನು ಯಾವತ್ತೂ ಕೇಳಿದವರಲ್ಲ. ಗರಡಿಗೆ ಬಂದವರೇ ಮೂಲೆಗೆ ಒರಗಿಸಿಟ್ಟ ಗುದ್ದಲಿ ನೋಡುತ್ತಿದ್ದರು. ಕುಂಕುಮ ಹೋಗಿ ಹಸಿ ಮಣ್ಣು ಅಂಟಿದ್ದರೆ ಸುಮ್ಮನೆ ಹನುಮಂತನ ಗೂಡಿಗೆ ಕೈಮುಗಿದು ಕೂರುತ್ತಿದ್ದರು. ಆಮೇಲೆ ಒಂದು ಹಿಡಿ ಮಟ್ಟಿ ತೆಗೆದು ಮುಷ್ಟಿ ಬಿಗಿಹಿಡಿದು ಬಿಡಿಸುತ್ತಿದ್ದರು. ಮಣ್ಣು ಮುಷ್ಟಿಯ ಆಕಾರದಲ್ಲೇ ನಿಲ್ಲಬೇಕು, ಬೆರಳು ತಾಗಿಸಿದರೆ ಪುಡಿಯಾಗಬೇಕು. ಅಷ್ಟೇ ಅವರ ಪರೀಕ್ಷೆ.

ಅವರು ನಿಜವಾಗಿ ಹೆಸರು ಮಾಡಿದ್ದು ಜೋಡಿ ಕಟ್ಟುವುದರಲ್ಲಿ. ಪಂದ್ಯಕ್ಕೆ ನಾಲ್ಕು ದಿನ ಮುಂಚೆ ಪೈಲ್ವಾನರನ್ನೆಲ್ಲ ಕರೆಸಿ, ತೂಕ, ಎತ್ತರ, ಹಿಂದೆ ಯಾರ ಜೊತೆ ಕುಸ್ತಿ ಹಿಡಿದಿದ್ದರು ಎಂಬುದನ್ನೆಲ್ಲ ನೋಡಿ, ಇಬ್ಬಿಬ್ಬರನ್ನು ಎದುರು ನಿಲ್ಲಿಸಿ ಕೈ ಕೊಡಿಸುವುದು. ಸಮವಲ್ಲದ ಜೋಡಿ ಕಟ್ಟಿದರೆ ಜನ ಸೋತ ಪೈಲ್ವಾನನನ್ನು ಬೈಯುವುದಿಲ್ಲ, ಪಂದ್ಯ ಇಟ್ಟವನನ್ನು ಬೈಯುತ್ತಾರೆ. ಯಜಮಾನರ ಜೋಡಿ ತಪ್ಪಾಯಿತು ಎಂದು ಯಾರೂ ಅಂದದ್ದಿಲ್ಲ. ಅದೊಂದೇ ಅವರಿಗೆ ಆಸ್ತಿ, ಅಹಂಕಾರ ಎರಡೂ ಆಗಿತ್ತು.

ವಿಜಯನಗರ ಬಡಾವಣೆಯ ಹತ್ತಿರ ನಾವು ಪಂದ್ಯ ನಡೆಸುತ್ತಿದ್ದ ಮೈದಾನಕ್ಕೆ ಕಲ್ಲು ಹಾಸಿ ವಾಕಿಂಗ್ ಟ್ರ್ಯಾಕ್ ಮಾಡಿದ ಮೇಲೆ ಕುಸ್ತಿಗೆ ಜಾಗ ಸಿಗುವುದು ಕಷ್ಟವಾಯಿತು. ಜಾಗ ಸಿಕ್ಕರೂ ಜನ ಬರುತ್ತಿರಲಿಲ್ಲ. ಒಂದು ದಿನ ಗರಡಿಯ ಜಗಲಿಯ ಮೇಲೆ ಕೂತು ಯಜಮಾನರು ಹೇಳಿದರು.

“ಅಪ್ಪಂದ್ರು ಕುಸ್ತಿ ನೋಡೋಕೆ ಬರ್ತಿದ್ರು. ಮಕ್ಕಳು ಬಾಲ್ ಹಿಂದೆ ಓಡ್ತವೆ. ನಾವೂ ಓಡೋಣ ಬಿಡೋ.”

“ನಮಗೆ ಫುಟ್ಬಾಲ್ ಏನ್ ಗೊತ್ತು ಯಜಮಾನ್ರೇ?”

“ಏನಿದೆ ಅದ್ರಲ್ಲಿ? ಹನ್ನೊಂದು ಜೋಡಿ ಒಂದೇ ಸಲ ಅಖಾಡಕ್ಕೆ ಇಳಿದಂಗೆ.”

ಅವರು ತಮಾಷೆಗೆ ಹೇಳಿದರು ಎಂದುಕೊಂಡೆ. ತಿಂಗಳೊಳಗೆ ಕೆಂಗೇರಿ ಕಡೆ ಒಂದು ಮೈದಾನ ಹಿಡಿದು, ತಂಡ ಕಟ್ಟಿ, ಒಬ್ಬ ಕೋಚನ್ನು ಇಟ್ಟು, ಸುತ್ತಲ ಬಡಾವಣೆಗಳ ತಂಡಗಳ ಲೀಗಿಗೆ ಸೇರಿಕೊಂಡೇಬಿಟ್ಟರು. ಮೈದಾನದ ಕೆಲಸ ನನಗೇ ಬಂತು. ಸುಣ್ಣದ ಗೆರೆ ಎಳೆಯುವುದನ್ನು ಕಲಿತೆ. ಗೋಲು ಕಾಯುವ ಹುಡುಗ ದಿನಾ ಗಟ್ಟಿ ನೆಲಕ್ಕೆ ಹಾರಿ ಹಾರಿ ಬೀಳುವುದನ್ನು ನೋಡಿದೆ. ಯಾರನ್ನೂ ಕೇಳದೆ ಅಲ್ಲಿ ಅರ್ಧ ಅಡಿ ಅಗೆದು, ಗರಡಿಯ ಮಟ್ಟಿ ಎರಡು ಗಾಡಿ ತಂದು ತುಂಬಿದೆ.

ಮೊದಲ ಪಂದ್ಯದಲ್ಲಿ ಚೆಂಡು ಉರುಳಿಕೊಂಡು ಬಂದು ಅಲ್ಲಿ ಕೂತುಬಿಟ್ಟಿತು. ಆ ಹುಡುಗ ಕಾಲು ಹೂತುಕೊಂಡು ನಿಂತು ಕೂಗಿದ, “ಅಣ್ಣಾ, ಇದೇನ್ ಗದ್ದೆನಾ? ನಾಟಿ ಹಾಕ್ಲಾ?”

ಜನ ನಕ್ಕರು. ಕೋಚ್ ನನ್ನ ಮೇಲೆ ಹರಿಹಾಯ್ದರು. ಯಜಮಾನರು ಮಾತ್ರ ನನ್ನ ಬೆನ್ನ ಮೇಲೆ ಕೈಯಿಟ್ಟು ಅಂದರು, “ಬೀಳೋನು ಇರೋ ಕಡೆ ನೆಲ ಮೆತ್ತಗಿರ್ಬೇಕು ಅನ್ನೋದು ಇವನೊಬ್ಬನಿಗೆ ಗೊತ್ತು. ಬಿಡಿ ಸಾರ್.” ಆ ಮಾತು ಈಗ ನನಗೆ ದಿನಕ್ಕೊಂದು ಸಲವಾದರೂ ನೆನಪಾಗುತ್ತದೆ.

ನಾಲ್ಕನೆಯ ಪಂದ್ಯ ಅತ್ತಿಗುಪ್ಪೆಯ ತಂಡದೊಂದಿಗೆ. ಅವರದು ಕಾಲೇಜು ಹುಡುಗರ ತಂಡ, ಎಲ್ಲರೂ ಸಣಕಲು. ಅವರಲ್ಲಿ ಇಬ್ಬರು ಜ್ವರದಿಂದ ಬಂದಿರಲಿಲ್ಲ. ಆಟ ಶುರುವಾಗುವ ಮುಂಚೆ ಯಜಮಾನರು ಎರಡೂ ತಂಡಗಳನ್ನು ಎದುರುಬದುರು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರ ಭುಜ ಹಿಡಿದು, ತೊಡೆ ತಟ್ಟಿ ನೋಡುತ್ತಾ ಹೋದರು. ಆಮೇಲೆ ನಮ್ಮ ಇಬ್ಬರು ಗಟ್ಟಿ ಆಟಗಾರರನ್ನು ಕೈಹಿಡಿದು ಕರೆದುಕೊಂಡು ಹೋಗಿ ಆ ಕಡೆಯ ಸಾಲಿನಲ್ಲಿ ನಿಲ್ಲಿಸಿದರು, ಅವರ ಜಾಗಕ್ಕೆ ಹೊರಗೆ ಕೂತಿದ್ದ ನಮ್ಮ ಇಬ್ಬರನ್ನು ಕರೆದರು.

ಕೋಚ್ ಓಡಿ ಬಂದರು. “ಸಾರ್, ಏನ್ ಮಾಡ್ತಾ ಇದೀರಾ? ಅವರು ನಮ್ಮ ಪ್ಲೇಯರ್ಸ್.”

“ಜೋಡಿ ಸಮ ಇಲ್ಲ. ಜನ ಏನಂತಾರೆ?”

“ಸಾರ್, ಇದು ಕುಸ್ತಿ ಅಲ್ಲ.”

“ಜನ ಅದೇ ಜನ ಅಲ್ವೇನಯ್ಯ?”

ಅತ್ತಿಗುಪ್ಪೆಯ ಹುಡುಗರಿಗೆ ಬೇಡ ಎನ್ನಲು ಏನು ಕಾರಣ? ಅವರು ಆಡಿದರು. ರೆಫರಿ ಹೊಸಬ, ತಲೆ ಕೆರೆದುಕೊಂಡು ಸೀಟಿ ಊದಿದ. ನಾವು ನಾಲ್ಕು ಗೋಲಿನಿಂದ ಸೋತೆವು. ಅದರಲ್ಲಿ ಮೂರನ್ನು ಹೊಡೆದವನು ನಮ್ಮವನೇ. ತಂತಿ ಬೇಲಿಯ ಆಚೆ ನಿಂತ ಹುಡುಗರು, “ಮ್ಯಾಚ್ ಸೇಲ್ ಆಗೋಯ್ತು ಮಗಾ, ಮುದುಕ ಮಾರ್ಕೊಂಡ” ಎಂದು ಕೂಗಿದರು. ವಾರ ಕಳೆಯುವುದರಲ್ಲಿ ಲೀಗಿನವರು ಕರೆಸಿ, ಪಂದ್ಯ ಮೊದಲೇ ಹೊಂದಿಸಿಕೊಂಡಿದ್ದೀರಿ ಎಂದು ಹೇಳಿ ತಂಡವನ್ನು ತೆಗೆದುಹಾಕಿದರು. ಯಜಮಾನರು ಒಳಗೆ ಏನು ವಾದಿಸಿದರೋ ಗೊತ್ತಿಲ್ಲ. ಹೊರಗೆ ಬಂದು ನನ್ನ ಗಾಡಿಯ ಹಿಂದೆ ಕೂತವರು ನಾಯಂಡಹಳ್ಳಿ ದಾಟಿದ ಮೇಲೆ ನನ್ನ ಭುಜ ತಟ್ಟಿದರು.

“ಸಮ ಜೋಡಿ ಕಟ್ಟಿದ್ದಕ್ಕೆ ಕಳ್ಳ ಅಂದ್ರು ಕಣೋ” ಎಂದರು.

ಆ ಮಾತು ಅವರನ್ನು ತಿಂದಿತು. ಅದಿಲ್ಲದಿದ್ದರೆ ಅವರು ಸಿನಿಮಾದ ಹತ್ತಿರವೂ ಹೋಗುತ್ತಿರಲಿಲ್ಲ. ಒಬ್ಬ ಯುವ ನಿರ್ದೇಶಕ ಗರಡಿಗೆ ಬಂದು, ಸಮ ಜೋಡಿಗಾಗಿ ಎಲ್ಲವನ್ನೂ ಕಳೆದುಕೊಳ್ಳುವ ಒಬ್ಬ ಕುಸ್ತಿ ಯಜಮಾನನ ಕಥೆ ಇದೆ ಎಂದ. “ಇದು ನಿಮ್ಮ ಕಥೆನೇ ಸಾರ್” ಎಂದ. ಯಜಮಾನರ ಕಣ್ಣು ತುಂಬಿಬಂದದ್ದನ್ನು ನಾನು ನೋಡಿದೆ. ಕಥೆ ಬರೆಯುತ್ತಾ ಹೋದಂತೆ ಅದರಲ್ಲಿ ಯಜಮಾನ ಸಣ್ಣವನಾಗಿ, ಹೀರೋ ದೊಡ್ಡವನಾದ. ಆದರೆ ಅಷ್ಟೊತ್ತಿಗೆ ಇವರು ನಿರ್ಮಾಪಕರಲ್ಲಿ ಒಬ್ಬರಾಗಿ ದುಡ್ಡು ಹಾಕಿಯಾಗಿತ್ತು. ಗರಡಿಯನ್ನೂ ಶೂಟಿಂಗಿಗೆ ಬಿಟ್ಟುಕೊಟ್ಟಿದ್ದರು.

ಏಪ್ರಿಲ್ ಬಿಸಿಲಿನಲ್ಲಿ ಸಿನಿಮಾದವರು ಬಂದರು. ಮೊದಲು ಗರಡಿಯ ಮೇಲಿನ ತಗಡಿನ ಶೀಟುಗಳನ್ನು ಬಿಚ್ಚಿಸಿದರು. ಒಳಗೆ ಬೆಳಕು ಸಾಲದಂತೆ. ಯಜಮಾನರ ಹೆಂಡತಿ, ನಾವು ಅಕ್ಕ ಎನ್ನುವವರು, ಬಾಗಿಲ ಆಚೆ ನಿಂತು ಹೇಳಿದರು, “ಮಟ್ಟಿಗೆ ಬಿಸಿಲು ಬಿದ್ದಿದ್ದು ನಾನು ಮದುವೆಯಾಗಿ ಬಂದಾಗಿಂದ ನೋಡಿಲ್ಲ ರೀ.” ನಮ್ಮ ಗರಡಿಯಲ್ಲಿ ಹೆಂಗಸರು ಹೊಸ್ತಿಲು ದಾಟುವುದಿಲ್ಲ. ಅವರು ಹೊರಗಿನಿಂದಲೇ ನೋಡಿ ಹೋದರು. ಒಳಗೆ ಲೈಟು ಹಿಡಿಯುವವರು ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದರು.

ಮೊದಲ ದಿನ ನಾನು ಎಂದಿನಂತೆ ಮಟ್ಟಿ ಹದ ಮಾಡಿದ್ದೆ. ಸಿನಿಮಾದವರಲ್ಲಿ ಒಬ್ಬರು ಬಿದ್ದು ನೋಡಿದರು, ಚೆನ್ನಾಗಿ ಬಿದ್ದರು. ನಿರ್ದೇಶಕ ಮಾನಿಟರ್ ನೋಡಿ ತಲೆ ಅಲ್ಲಾಡಿಸಿದ.

“ಅಣ್ಣ, ಧೂಳು ಏಳ್ತಾ ಇಲ್ಲ.”

“ಮಟ್ಟೀಲಿ ಧೂಳು ಏಳಬಾರ್ದು ಸಾರ್. ಎದ್ರೆ ಕೆಟ್ಟಿದೆ ಅಂತ.”

“ಅದು ನಿಮ್ಗೆ. ನಮ್ಗೆ ಹಿಂದಿಂದ ಬಿಸಿಲು ಹೊಡೆದಾಗ ಧೂಳು ಎದ್ರೇನೇ ಥಿಯೇಟರಲ್ಲಿ ವಿಸಿಲ್ ಬೀಳೋದು.”

ಒಣ ಮಣ್ಣನ್ನು ಮೇಲೆ ಒಂದು ಪದರ ಹರಡಿದೆ. ಕೆಳಗಿನ ತೇವ ಅದನ್ನು ಅರ್ಧ ಗಂಟೆಯಲ್ಲಿ ಕುಡಿದುಬಿಟ್ಟಿತು. ಮತ್ತೆ ಹರಡಿದೆ, ಮತ್ತೆ ಕುಡಿಯಿತು. “ಮಣ್ಣಣ್ಣ ಬಂದ್ರು, ಜಾಗ ಬಿಡಿ, ಪೌಡ್ರು ಹಾಕ್ತಾರೆ” ಎಂದು ಅವರು ನಗಾಡಲು ಶುರುಮಾಡಿದರು. ಒಂದು ದಿನ ಅದರಲ್ಲೇ ಹೋಯಿತು. ಸಂಜೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. ಮುಖ ನೋಡದೆ ಹೇಳಿದರು.

“ನೀರು, ಎಣ್ಣೆ ಎರಡೂ ನಿಲ್ಸಿಬಿಡು. ಒಣಗ್ಲಿ.”

“ಯಜಮಾನ್ರೇ...”

“ಫುಟ್ಬಾಲಲ್ಲಿ ಹೋಯ್ತು. ಇದೂ ಹೋದ್ರೆ ನಾನು ಈ ಓಣೀಲಿ ಹೆಂಗೋ ಓಡಾಡ್ಲಿ?”

ನಿಲ್ಲಿಸಿದೆ. ಮೂರು ದಿನ ಅವರು ಹೊರಗಡೆ ಬೇರೆ ದೃಶ್ಯಗಳನ್ನು ತೆಗೆದರು, ಇಲ್ಲಿ ಅಗೆಯದ ಮಟ್ಟಿ ಬಿಸಿಲಿಗೆ ಬಿದ್ದಿತ್ತು. ಅಗೆಯಬೇಡ ಎಂದು ಯಜಮಾನರು ಹೇಳಿರಲಿಲ್ಲ. ಅದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ನೀರು, ಎಣ್ಣೆ ಎಂದರೇ ಹೊರತು ಗುದ್ದಲಿಯ ಹೆಸರು ಅವರ ಬಾಯಲ್ಲಿ ಬರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಐದೂವರೆಗೆ ಹೋದೆ. ಮೇಲೆ ಎರಡು ಬೆರಳಷ್ಟು ಹಿಟ್ಟಿನಂಥ ಧೂಳು. ಹಿಮ್ಮಡಿಯಿಂದ ಒತ್ತಿ ನೋಡಿದೆ. ಕೆಳಗೆ ಗಟ್ಟಿ ಪೊರೆ ಕಟ್ಟಿತ್ತು. ಗುದ್ದಲಿ ತೊಳೆದು ಅಲಗಿಗೆ ಕುಂಕುಮ ಇಟ್ಟೆ. ಎತ್ತಿದೆ ಕೂಡ. ಅಗೆದರೆ ಆಳದ ತೇವದ ಹೆಂಟೆ ಮೇಲೆ ಬರುತ್ತದೆ, ಧೂಳು ಸಾಯುತ್ತದೆ, ಇನ್ನೂ ಒಂದು ದಿನ ಹಾಳಾಗುತ್ತದೆ. ಯಜಮಾನರು ಅವರೆಲ್ಲರ ಮುಂದೆ ಮತ್ತೆ ತಲೆ ತಗ್ಗಿಸಬೇಕಾಗುತ್ತದೆ. ಇದು ಒಂದು ಕಾರಣ. ಇನ್ನೊಂದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಮಣ್ಣಣ್ಣ, ಪೌಡ್ರು ಎಂಬ ಮಾತುಗಳಿಂದ ನನಗೆ ಸಿಟ್ಟು ಹತ್ತಿತ್ತು. ನಿಮಗೆ ಧೂಳು ತಾನೇ ಬೇಕು, ತಗೊಳ್ಳಿ ಎಂದುಕೊಂಡೆ. ಬಿದ್ದು ನೋಡಲಿ, ಗೊತ್ತಾಗಲಿ ಎಂದುಕೊಂಡೆ. ಯಾರು ಬೀಳುತ್ತಾರೆ ಎಂದು ಯೋಚಿಸಲಿಲ್ಲ. ಗುದ್ದಲಿಯನ್ನು ಮೂಲೆಗೆ ಒರಗಿಸಿದೆ.

ಆವತ್ತು ಹೀರೋ ತನ್ನ ಎದುರಾಳಿಯನ್ನು ಭುಜದ ಮೇಲಿಂದ ಎತ್ತಿ ಹಾಕುವ ದೃಶ್ಯ. ಎದುರಾಳಿಗೆ ಡೂಪ್ ಆಗಿ ಬೀಳಬೇಕಾದವನು ನಮ್ಮ ಗರಡಿಯ ಒಬ್ಬ ಪೈಲ್ವಾನ. ಬೆಳಗಾವಿ ಕಡೆಯವನು, ಬೆಳಗ್ಗೆ ಸಾಮು ಮಾಡಿ ಹಗಲೆಲ್ಲ ಬೈಕಿನಲ್ಲಿ ಊಟದ ಪಾರ್ಸೆಲ್ ಹಂಚುವವನು. ಅವನು ಅಖಾಡಕ್ಕೆ ಇಳಿದು ಎರಡು ಹೆಜ್ಜೆ ನಡೆದ. ನಿಂತ. ಹಿಮ್ಮಡಿಯಿಂದ ಎರಡು ಸಲ ಗುದ್ದಿದ.

“ನಾ ಬೀಳಂಗಿಲ್ರೀ.”

“ಯಾಕೆ ಗುರು?” ಎಂದ ನಿರ್ದೇಶಕ.

“ಕೆಳಗ ಕಲ್ಲ ಆಗೇತ್ರಿ. ಇದು ಮಟ್ಟಿ ಅಲ್ಲ, ಡಾಂಬರ್ ರೋಡ್ ಐತಿ.”

“ಲೈಟ್ ಹೋಗ್ತಾ ಇದೆ. ಇನ್ನು ಇಪ್ಪತ್ತು ನಿಮಿಷ ಅಷ್ಟೇ ಈ ಬಿಸಿಲು.” ನಿರ್ದೇಶಕ ಯಜಮಾನರ ಕಡೆ ತಿರುಗಿದ. “ಸಾರ್, ನಿಮ್ಮ ಪೈಲ್ವಾನರು ಇಷ್ಟೇನಾ?”

ಯಜಮಾನರು ಕುರ್ಚಿಯಿಂದ ಎದ್ದರು. ನಾನು ಲೈಟುಗಳ ಹಿಂದೆ ನಿಂತಿದ್ದೆ. ಅಷ್ಟು ಜನರ ತಲೆಯ ಮೇಲಿಂದ ನನ್ನನ್ನು ಹುಡುಕಿ ಕೇಳಿದರು.

“ಮಟ್ಟಿ ಹೆಂಗಿದೆಯೋ?”

ಎಲ್ಲರೂ ನನ್ನ ಕಡೆ ನೋಡಿದರು. ಬೆಳಗಾವಿಯ ಪೈಲ್ವಾನನೂ ನೋಡಿದ. ಕೆಟ್ಟಿದೆ ಎಂದರೆ ನಾನು ಅಗೆದಿಲ್ಲ ಎಂಬುದು ಅಷ್ಟೂ ಜನರ ಎದುರು ಹೊರಬೀಳುತ್ತಿತ್ತು.

“ಸರಿಯಾಗಿದೆ ಯಜಮಾನ್ರೇ” ಎಂದೆ.

ಅವರು ಗುದ್ದಲಿ ನೋಡಲಿಲ್ಲ. ಅದು ಅಖಾಡದ ಆಚೆ, ಅವರ ಬೆನ್ನ ಹಿಂದಿನ ಮೂಲೆಯಲ್ಲಿತ್ತು. ಮುಷ್ಟಿ ಹಿಡಿದೂ ನೋಡಲಿಲ್ಲ. ನನ್ನ ಮಾತು ಕೇಳಿದರು, ಅಂಗಿ ಬಿಚ್ಚಿದರು. “ಧೂಳಲ್ಲಿ ಮುಖ ಕಾಣಲ್ಲ ತಾನೇ? ನಾನೇ ಬೀಳ್ತೀನಿ” ಎಂದರು. ಐವತ್ತೆಂಟು ವರ್ಷದ ಆಳು. ಬೆನ್ನು ಮಣ್ಣಿಗೆ ತಾಗಿ ಸೋಲುವುದಕ್ಕೆ ನಾವು ಚಿತ್ ಆಗುವುದು ಎನ್ನುತ್ತೇವೆ. ಜನರ ಮುಂದೆ ಅವರು ಚಿತ್ ಆದದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಸೊಂಟಕ್ಕೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದು ಬಿಟ್ಟರು. ಮೊದಲ ಸಲ ಬೆನ್ನು ಕೊಟ್ಟು ಬಿದ್ದರು. ಬಿದ್ದ ಸದ್ದು ಬೇರೆಯಾಗಿತ್ತು. ಮಟ್ಟಿಯ ಮೇಲೆ ಮೈ ಬಿದ್ದರೆ ಚಾಪೆ ಕೊಡವಿದ ಹಾಗೆ ಕೇಳಿಸುತ್ತದೆ. ಇದು ಹಲಗೆಯ ಮೇಲೆ ಬಿದ್ದ ಹಾಗೆ ಕೇಳಿಸಿತು. ಅವರು ಎದ್ದು ನನ್ನ ಕಡೆ ನೋಡಿದರು. ಅವರಿಗೆ ಆ ಕ್ಷಣ ಗೊತ್ತಾಗಿರಬೇಕು. ನಾನು ಆಗಲಾದರೂ ಬಾಯಿ ಬಿಡಬಹುದಿತ್ತು.

“ಸೂಪರ್ ಸಾರ್, ಇನ್ನೊಂದು” ಎಂದ ನಿರ್ದೇಶಕ.

ಎರಡನೆಯದಕ್ಕೆ ಹಗ್ಗ ಕ್ಯಾಮೆರಾದಲ್ಲಿ ಕಂಡಿತು. ಮೂರನೆಯದಕ್ಕೆ ಧೂಳು ಎದ್ದದ್ದು ಎಷ್ಟೆಂದರೆ ಅವರು ಹೇಗೆ ಬಿದ್ದರು ಎಂಬುದು ಯಾರಿಗೂ ಕಾಣಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಧೂಳು ಇಳಿಯುವವರೆಗೆ ತಟ್ಟುತ್ತಲೇ ಇದ್ದರು. ಯಜಮಾನರು ಏಳಲಿಲ್ಲ. ಹತ್ತಿರ ಹೋದಾಗ ಕಣ್ಣು ತೆರೆದೇ ಇತ್ತು. “ಕೈ ಎಲ್ಲಿದೆ ಗೊತ್ತಾಗ್ತಿಲ್ಲ ಕಣೋ” ಎಂದರು.

ಆಸ್ಪತ್ರೆಯಿಂದ ಬಸವೇಶ್ವರನಗರದ ಮನೆಗೆ ಕರೆದುಕೊಂಡು ಬಂದ ಮೇಲೆ ದಿನಾ ಹೋಗುತ್ತಿದ್ದೆ. ಮೈ ಹೊರಳಿಸುವುದು, ಬೆನ್ನಿಗೆ ಪೌಡರ್ ಹಾಕಿ ಹುಣ್ಣಾಗದಂತೆ ನೋಡುವುದು, ಕಾಲು ಮಡಿಸಿ ಚಾಚಿಸುವುದು, ಎಲ್ಲವನ್ನೂ ನರ್ಸಮ್ಮನಿಂದ ಕಲಿತು ಮಾಡಿದೆ. ನೋಡಲು ಬಂದವರೆಲ್ಲ ಹೇಗಾಯಿತು ಎಂದು ಕೇಳುತ್ತಿದ್ದರು. ಅವರು ನನ್ನ ಎದುರಿಗೇ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು, “ವಯಸ್ಸಿಂದು ತಪ್ಪು. ಮಟ್ಟೀದಲ್ಲ.” ನನಗೆ ಅದು ಕ್ಷಮೆಯೋ ಶಿಕ್ಷೆಯೋ ಇವತ್ತಿಗೂ ತಿಳಿದಿಲ್ಲ. ಒಮ್ಮೆ ಗರಡಿಯ ಮಣ್ಣು ತಾ ಎಂದರು. ಅಂಗೈಗೆ ಹಾಕಿ, ಅವರ ಬೆರಳುಗಳನ್ನು ನಾನೇ ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿ ಬಿಡಿಸಿದೆ. ಮಣ್ಣು ಆಕಾರ ಹಿಡಿದು ನಿಂತಿತ್ತು. ಅವರು ಅದನ್ನೇ ತುಂಬಾ ಹೊತ್ತು ನೋಡಿದರು. ಆವತ್ತಿನ ಬಗ್ಗೆ ಮಾತ್ರ ಕೇಳಲಿಲ್ಲ.

ಕೇಳಿದವರು ಅಕ್ಕ. ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಊಟಕ್ಕೆ ಕುಳಿತಿದ್ದಾಗ ಹಿತ್ತಲಿಗೆ ಕರೆದು ಕೇಳಿದರು.

“ಅವತ್ತು ಗುದ್ದಲಿ ಹಾಕಿದ್ದೆ ತಾನೇ?”

“ಹಾಕಿದ್ದೆ ಅಕ್ಕ.”

“ಸರಿ ಬಿಡು. ಹಂಗಾದ್ರೆ ಅವರ ಹಣೆಬರಹ.”

ನನ್ನ ತಪ್ಪನ್ನು ಸತ್ತವರ ಹಣೆಯ ಮೇಲೆ ಬರೆಸಿ ನಾನು ಕೈ ತೊಳೆದು ಊಟಕ್ಕೆ ಕುಳಿತೆ. ಒಬ್ಬಟ್ಟು ಬಡಿಸಿದ್ದರು, ತಿಂದೆ ಕೂಡ.

ಕಳೆದ ತಿಂಗಳು ಅಕ್ಕ ಫೋನ್ ಮಾಡಿ ಬರಹೇಳಿದರು. ಕೆಳಗಿನ ಮನೆ ಬಾಡಿಗೆಗೆ ಕೊಟ್ಟು ಅವರು ಈಗ ಮೇಲಿನ ಒಂದು ಕೋಣೆಯಲ್ಲಿದ್ದಾರೆ. ಸಿನಿಮಾ ಇನ್ನೂ ಬಿಡುಗಡೆಯಾಗಿಲ್ಲ. ಅದರ ಪ್ರಚಾರಕ್ಕೆಂದು ಮಾಡಿದ ತುಣುಕನ್ನು ನಿರ್ದೇಶಕ ಅವರ ಮೊಬೈಲಿಗೆ ಕಳಿಸಿದ್ದ. ಕೊನೆಯಲ್ಲಿ ಯಜಮಾನರ ನೆನಪಿಗೆ ಎಂದು ಎರಡು ಸಾಲು ಹಾಕಿದ್ದ.

“ನೋಡು” ಎಂದು ಕೈಗೆ ಕೊಟ್ಟರು.

ಹೀರೋ ಎತ್ತುತ್ತಾನೆ, ಹಾಕುತ್ತಾನೆ. ಧೂಳು ಮೇಲೇಳುತ್ತದೆ. ಹಿಂದಿನಿಂದ ಬಿಸಿಲು ಬಿದ್ದು ಅದೆಲ್ಲ ಬಂಗಾರದ ಹಾಗೆ ಹೊಳೆಯುತ್ತದೆ. ಅಷ್ಟು ಚೆನ್ನಾಗಿ ಕಂಡಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಬಿದ್ದದ್ದು ಮೊದಲನೆಯ ಸಲದ್ದೋ ಕೊನೆಯದೋ ತಿಳಿಯಲಿಲ್ಲ. ನಾನು ಅವರ ಮುಖವನ್ನು ಹುಡುಕುತ್ತಿದ್ದೆ. ಅದು ಎಲ್ಲೂ ಇರಲಿಲ್ಲ.

“ಅಲ್ಲಲ್ಲ. ಅವರನ್ನ ನೋಡ್ಬೇಡ” ಎಂದು ಅಕ್ಕ ಮೊಬೈಲ್ ತೆಗೆದುಕೊಂಡರು. ಶುರುವಿಗೆ ತಂದು, ಧೂಳು ಏಳುವ ಮುಂಚೆಯೇ ಹೆಬ್ಬೆರಳಿಟ್ಟು ನಿಲ್ಲಿಸಿದರು. ಎರಡು ಬೆರಳಿನಿಂದ ಹಿಗ್ಗಿಸಿದರು. “ಮೂಲೇಲಿ ನೋಡು.”

ಗೋಡೆಗೆ ಒರಗಿಸಿಟ್ಟ ಗುದ್ದಲಿ. ತೊಳೆದ ಅಲಗು ಬಿಸಿಲಿಗೆ ಹೊಳೆಯುತ್ತಿತ್ತು. ನಡುವೆ ನಾನು ಇಟ್ಟ ಕುಂಕುಮದ ಬೊಟ್ಟು ಗುಂಡಗೆ, ಒಂಚೂರೂ ಕದಡದೆ ಇತ್ತು.

“ನಲವತ್ತು ಸಲ ನೋಡಿದೀನಿ” ಎಂದರು ಅಕ್ಕ. “ಅವರನ್ನ ನೋಡೋಕೆ ಅಂತ ಹಾಕ್ಕೊಳ್ತಿದ್ದೆ. ನಿನ್ನೆ ಕಂಡಿದ್ದು ಇದು.”

ಹೇಳಲು ಇದ್ದದ್ದನ್ನು ಹೇಳುವ ದಿನಗಳು ಆಗಲೇ ಕಳೆದಿದ್ದವು. ಕೆಳಗೆ ಬಾಡಿಗೆಯವರ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಜೇಬಿನಿಂದ ಗರಡಿಯ ಕೀಲಿ ತೆಗೆದು ಹಿಡಿದೆ.

“ಗರಡಿ ಕೀಲಿ ಕೊಟ್ಟುಬಿಡ್ಲಾ ಅಕ್ಕ?”

“ಕೊಟ್ಟು ಹೋದ್ರೆ ಮುಗೀತು ಅಲ್ವಾ ನಿಂಗೆ?” ಎಂದರು. ಮೊಬೈಲ್ ಆರಿಸಿ ಮಗುಚಿಟ್ಟರು. “ಬೇಡ. ನೀನೇ ಅಗೆ. ನಾಳೆಯಿಂದ ನಾನು ಬಂದು ನೋಡ್ತೀನಿ.”

ಆವತ್ತಿನಿಂದ ದಿನಾ ಬೆಳಗ್ಗೆ ಆರೂವರೆಗೆ ಅವರ ಸ್ಕೂಟರಿನ ಸದ್ದು ಓಣಿಯಲ್ಲಿ ಕೇಳಿಸುತ್ತದೆ. ಬಿಚ್ಚಿದ ತಗಡುಗಳನ್ನು ನಾನೇ ಮತ್ತೆ ಹೊದಿಸಿದ್ದೇನೆ. ಒಳಗೆ ಸಾಮು ಮಾಡುವವರು ಈಗ ನಾಲ್ಕೇ ಜನ. ಬೆಳಗಾವಿಯವನು ಬರುತ್ತಾನೆ, ನನ್ನೊಂದಿಗೆ ಮಾತಾಡುವುದಿಲ್ಲ. ಅಕ್ಕ ಹೊಸ್ತಿಲು ದಾಟುವುದಿಲ್ಲ. ನಾನು ಗುದ್ದಲಿಯನ್ನು ಬಾಗಿಲವರೆಗೆ ತಂದು ಹಿಡಿಯುತ್ತೇನೆ. ಹೇಗಿದ್ದೀಯ ಎಂದು ಅವರು ಕೇಳುವುದಿಲ್ಲ.

ಮೊನ್ನೆ ನನಗೆ ಜ್ವರವಿತ್ತು. ಎದ್ದು ಹೋಗಿ ಪೂರ್ತಿ ಅಖಾಡ ಅಗೆದೆ. ಅಕ್ಕ ಹೆಲ್ಮೆಟ್ ತೆಗೆಯದೆಯೇ ಬಾಗಿ ಅಲಗು ನೋಡಿದರು. ಬೊಟ್ಟು ಅಳಿಸಿತ್ತು. ಆದರೂ ಬೆರಳಿನಿಂದ ಮುಟ್ಟಿ, ಅಂಟಿದ ಮಣ್ಣನ್ನು ಹೆಬ್ಬೆರಳಿಗೆ ಉಜ್ಜಿ, ಹಸಿಯಿದೆಯೇ ಎಂದು ನೋಡಿಕೊಂಡರು. ಬೆರಳನ್ನು ಸೀರೆಗೆ ಒರೆಸಿಕೊಂಡು ಗಾಡಿ ತಿರುಗಿಸಿದರು.